ಎಲೈಸಾದಲ್ಲಿ ಜೋಡಿ ವೆಲ್‌ಗಳು ತಾಳೆಯಾಗುತ್ತಿಲ್ಲ, ಮಾಡಿ ಅನುಭವ ಇದ್ದವರು ಹೇಳಿ

ಪ್ರಶ್ನೆ (ಮಾನಸಗಂಗೋತ್ರಿ, ಸಂಶೋಧನಾ ವಿದ್ಯಾರ್ಥಿನಿ):
ಇಲಿ ಸೀರಂನಲ್ಲಿ ಐಎಲ್-6 ಅನ್ನುವ ಪ್ರೋಟೀನ್ ಎಷ್ಟಿದೆ ಅಂತ ಸ್ಯಾಂಡ್‌ವಿಚ್ ಎಲೈಸಾ ಕಿಟ್‌ನಲ್ಲಿ (ಪ್ರೋಟೀನನ್ನು ಎರಡು ಆಂಟಿಬಾಡಿಗಳ ನಡುವೆ ಹಿಡಿದು ಬಣ್ಣದಿಂದ ಅಳೆಯುವ ಪರೀಕ್ಷೆ) ನೋಡುತ್ತಿದ್ದೇನೆ. ಒಂದೇ ಸ್ಯಾಂಪಲ್ ಹಾಕಿದ ಎರಡು ವೆಲ್‌ಗಳಲ್ಲಿ (ಪ್ಲೇಟ್‌ನ ಗುಳಿಗಳಲ್ಲಿ) ಬೇರೆ ಬೇರೆ ಓಡಿ, ಅಂದರೆ ಬಣ್ಣ ಎಷ್ಟು ಗಾಢ ಅನ್ನುವ ರೀಡಿಂಗ್, ಬರುತ್ತಿದೆ. ಸ್ಯಾಂಪಲ್ ಹಾಕದ ಬ್ಲಾಂಕ್‌ಗೂ ಬಣ್ಣ ಬರುತ್ತದೆ. ಕೆಲವು ಸ್ಯಾಂಪಲ್ ಎಲ್ಲಕ್ಕಿಂತ ಮೇಲಿನ ಸ್ಟ್ಯಾಂಡರ್ಡನ್ನೂ (ಪ್ರಮಾಣ ಗೊತ್ತಿರುವ ದ್ರಾವಣ) ದಾಟುತ್ತಿವೆ. ಇನ್ನೊಂದು ಕಿಟ್ ತರಿಸುವ ಮೊದಲು ಏನು ನೋಡಲಿ?

ಬೋಗಾದಿಯಿಂದ, ಲ್ಯಾಬ್ ಟೆಕ್ನಿಷಿಯನ್:
ಕಿಟ್ ಆಮೇಲೆ, ಮೊದಲು ವಾಶ್ ನೋಡಿಕೊಳ್ಳಿ ಮೇಡಂ. ಬ್ಲಾಂಕ್‌ಗೆ ಬಣ್ಣ ಬಂತು ಅಂದರೆ ಹೆಚ್ಚಿನ ಸಲ ಎಂಜೈಮ್ ಕಟ್ಟಿದ ಆಂಟಿಬಾಡಿ ಸರಿಯಾಗಿ ತೊಳೆದುಹೋಗಿಲ್ಲ ಅಂತಲೇ ಅರ್ಥ. ಪ್ರತಿ ವೆಲ್‌ಗೂ 300 ಮೈಕ್ರೊಲೀಟರ್‌ನಷ್ಟು ವಾಶ್ ಬಫರ್ ತುಂಬಿ, ಅರ್ಧ ನಿಮಿಷ ಬಿಟ್ಟು ಚೆಲ್ಲಿ. ಕೊನೆಗೆ ಪ್ಲೇಟನ್ನು ಮಗುಚಿ ಟಿಶ್ಯೂ ಮೇಲೆ ಜೋರಾಗಿ ತಟ್ಟಿ. ಹಾಗಂತ ಒಣಗಲು ಬಿಡಬೇಡಿ, ತಕ್ಷಣ ಮುಂದಿನದು ಹಾಕಿ.

ಮಲ್ಟಿಚಾನೆಲ್ ಪಿಪೆಟ್‌ನಲ್ಲಿ ಎಳೆದ ಮೇಲೆ ಒಮ್ಮೆ ಕಣ್ಣೆತ್ತರಕ್ಕೆ ಹಿಡಿದು ನೋಡಿ. ಎಂಟು ಟಿಪ್‌ನಲ್ಲೂ ನೀರಿನ ಮಟ್ಟ ಒಂದೇ ಇರಬೇಕು. ಒಂದು ಟಿಪ್ ಸಡಿಲ ಕೂತಿದ್ದರೂ ಆ ಸಾಲೆಲ್ಲ ಕೆಡುತ್ತದೆ.

ಇನ್ನೊಂದು, ನಮ್ಮ ಮೈಸೂರಿನ ಬೇಸಿಗೆ. ಕಿಟ್‌ನಲ್ಲಿ ರೂಮ್ ಟೆಂಪರೇಚರ್ ಅಂದರೆ ಸಾಮಾನ್ಯವಾಗಿ 20ರಿಂದ 25 ಡಿಗ್ರಿ. ಏಪ್ರಿಲ್‌ನಲ್ಲಿ ಎಸಿ ಇಲ್ಲದ ಲ್ಯಾಬ್ ಅಷ್ಟರಲ್ಲಿ ಎಲ್ಲಿರುತ್ತದೆ? ಬಣ್ಣ ಬರಿಸುವ ಟಿಎಂಬಿ ದ್ರಾವಣ ಹಾಕಿದ ಕೂಡಲೇ ನೀಲಿ ಏರಿಬಿಡುತ್ತದೆ. ಫ್ರಿಜ್‌ನಿಂದ ತೆಗೆದ ಪ್ಲೇಟನ್ನು ಹಾಗೇ ಬಳಸಿದರೂ ಕಷ್ಟ, ಅಂಚಿನ ವೆಲ್‌ಗಳು ಬೇಗ ಬಿಸಿಯಾಗಿ ನಡುವಿನವಕ್ಕಿಂತ ಬೇರೆ ಓಡಿ ಕೊಡುತ್ತವೆ. ಪ್ಲೇಟ್ ಮುಚ್ಚಿಡಿ, ಒಂದರ ಮೇಲೊಂದು ಪೇರಿಸಬೇಡಿ.

ಕುವೆಂಪುನಗರದಿಂದ, ಆಹಾರ ಪರೀಕ್ಷೆ ಮಾಡುವವರು:
ಮೇಲಿನ ಸ್ಟ್ಯಾಂಡರ್ಡ್ ದಾಟಿದ್ದನ್ನು ಅಂದಾಜಿನಲ್ಲಿ ಬರೆಯಲೇಬೇಡಿ. ಕಿಟ್‌ನ ಡೈಲ್ಯೂಯೆಂಟ್‌ನಲ್ಲೇ ಎರಡು, ನಾಲ್ಕು, ಎಂಟು ಪಟ್ಟು ತೆಳು ಮಾಡಿ ಓಡಿಸಿ. ಮತ್ತೆ ಗುಣಿಸಿದಾಗ ಮೂರೂ ಹತ್ತಿರ ಹತ್ತಿರ ಬಂದರೆ ನಂಬಬಹುದು. ತೆಳು ಮಾಡಿದಷ್ಟೂ ಲೆಕ್ಕ ಏರುತ್ತಾ ಹೋದರೆ ಸೀರಂನಲ್ಲಿ ಏನೋ ಅಡ್ಡ ಬರುತ್ತಿದೆ, ಇಲ್ಲವೇ ಪ್ರೋಟೀನ್ ವಿಪರೀತ ಇದೆ. ಎರಡು ಆಂಟಿಬಾಡಿಯನ್ನೂ ಒಟ್ಟಿಗೇ ಹಾಕುವ ಕಿಟ್ ಆದರೆ ಪ್ರೋಟೀನ್ ಅತಿಯಾದಾಗ ಓಡಿ ಇಳಿಯುವುದೂ ಉಂಟು. ಅದನ್ನೇ ಹುಕ್ ಎಫೆಕ್ಟ್ ಅನ್ನುವುದು.

ನಮಗೆ ಕಡಲೆಕಾಯಿ ಅಲರ್ಜನ್ (ಅಲರ್ಜಿ ತರುವ ಪ್ರೋಟೀನ್) ನೋಡುವಾಗ ಬೇರೆ ತಲೆನೋವು. ಹುರಿದ ತಿಂಡಿಯಲ್ಲಿ ಪ್ರೋಟೀನ್‌ನ ಆಕಾರ ಬದಲಾಗಿರುತ್ತದೆ, ಬಫರ್‌ಗೆ ಪೂರ್ತಿ ಇಳಿಯುವುದೂ ಇಲ್ಲ. ಇದ್ದದ್ದಕ್ಕಿಂತ ಕಡಿಮೆ ತೋರಿಸುತ್ತದೆ. ಅದಕ್ಕೇ ಗೊತ್ತಿರುವಷ್ಟು ಪ್ರೋಟೀನ್ ಸ್ಯಾಂಪಲ್‌ಗೆ ಸೇರಿಸಿ ಎಷ್ಟು ವಾಪಸ್ ಸಿಗುತ್ತದೆ ಅಂತ ನೋಡುತ್ತೇವೆ. ಸೀರಂಗೆ 80ರಿಂದ 120 ಶೇಕಡ ಬಂದರೆ ಸಾಮಾನ್ಯವಾಗಿ ಒಪ್ಪುತ್ತಾರೆ. ನೀವೂ ಒಮ್ಮೆ ಮಾಡಿ.

ಮಂಡ್ಯದಿಂದ:
ಬಣ್ಣವೇ ಬರದಿದ್ದರೆ ಬಫರ್‌ನಲ್ಲಿ ಸೋಡಿಯಂ ಅಝೈಡ್ ಇದೆಯಾ ನೋಡಿ. ಅದು ಆಂಟಿಬಾಡಿಗೆ ಕಟ್ಟಿರುವ ಎಚ್‌ಆರ್‌ಪಿ ಎಂಜೈಮನ್ನು ಕೆಲಸ ಮಾಡಲು ಬಿಡುವುದಿಲ್ಲ.

ಪ್ರಶ್ನೆ ಕೇಳಿದವರು:
ಎಲ್ಲರಿಗೂ ಥ್ಯಾಂಕ್ಸ್. ಸ್ಟ್ಯಾಂಡರ್ಡ್ ಕರ್ವ್‌ಗೆ (ಸ್ಟ್ಯಾಂಡರ್ಡ್‌ಗಳ ಪ್ರಮಾಣಕ್ಕೆ ಎಷ್ಟು ಓಡಿ ಅನ್ನುವ ಗ್ರಾಫ್) ಎಕ್ಸೆಲ್‌ನಲ್ಲಿ ನೇರ ಗೆರೆ ಎಳೆದರೆ ಸಾಕಲ್ವಾ? ಗೆರೆ ಎಷ್ಟು ಹೊಂದುತ್ತದೆ ಅಂತ ಹೇಳುವ ಆರ್ ಸ್ಕ್ವೇರ್ ಚೆನ್ನಾಗೇ ಬರುತ್ತಿದೆ.

ಬೋಗಾದಿಯಿಂದ:
ಸಾಲದು. ಎಲೈಸಾ ಕರ್ವ್ ಎರಡೂ ತುದಿಯಲ್ಲಿ ಬಾಗುತ್ತದೆ, ಆ ಬಾಗಿಗೆ ಹೊಂದುವ ಎಸ್ ಆಕಾರದ ಫೋರ್ ಪ್ಯಾರಾಮೀಟರ್ ಫಿಟ್ ಹಾಕಿ. ಆಮೇಲೆ ಸ್ಟ್ಯಾಂಡರ್ಡ್‌ಗಳ ಓಡಿಯನ್ನೇ ಆ ಕರ್ವ್‌ಗೆ ಕೊಟ್ಟು, ನೀವು ಹಾಕಿದ ಪ್ರಮಾಣವೇ ಹೊರಬರುತ್ತದಾ ನೋಡಿ. ಕೆಳಗಿನ ಸ್ಟ್ಯಾಂಡರ್ಡ್‌ನಲ್ಲಿ ತುಂಬಾ ತಪ್ಪಿದರೆ ಆರ್ ಸ್ಕ್ವೇರ್ ಎಷ್ಟಿದ್ದರೂ ಆ ಜಾಗದ ಲೆಕ್ಕ ಬಳಸಬೇಡಿ.