ಪ್ರೋಟೀನಿನ ಸುರಂಗದಲ್ಲಿ ಉದ್ದನೆಯ ಎಲೆಕ್ಟ್ರಾನ್ ಡೆನ್ಸಿಟಿ, ಹಿಸ್ಟಿಡಿನ್ ಪಕ್ಕ ಗುಂಡನೆಯದು: ಏನಿರಬಹುದು?

ಪ್ರಶ್ನೆ:
ಪ್ರೋಟೀನ್ ಹರಳಿನ ಎಕ್ಸ್-ರೇ ಡೇಟಾದಿಂದ ರಚನೆ ಕಟ್ಟುತ್ತಿದ್ದೇನೆ. ರೆಸಲ್ಯೂಶನ್ 1.9 ಆಂಗ್‌ಸ್ಟ್ರಾಮ್, ಆರ್-ಫ್ರೀ (ಮಾದರಿಗೂ ಡೇಟಾಕ್ಕೂ ಇರುವ ವ್ಯತ್ಯಾಸದ ಅಳತೆ) 0.22. ಪ್ರೋಟೀನ್ ಇ. ಕೋಲೈಯಲ್ಲಿ ಬೆಳೆಸಿ ನಿಕಲ್ ಕಾಲಂನಲ್ಲಿ ಶುದ್ಧೀಕರಿಸಿದ್ದು. ಹರಳು ಬಂದದ್ದು 25% ಪೆಗ್ 3350 (ಪಾಲಿಎಥಿಲೀನ್ ಗ್ಲೈಕಾಲ್), 0.2 ಮೋಲಾರ್ ಅಮೋನಿಯಂ ಸಲ್ಫೇಟ್, ಬಿಸ್-ಟ್ರಿಸ್ ಬಫರ್ ಪಿಎಚ್ 6.5ರಲ್ಲಿ. ಲೈಗಂಡ್ (ಪ್ರೋಟೀನಿಗೆ ಅಂಟುವ ಅಣು) ಏನೂ ಸೇರಿಸಿಲ್ಲ. ಆದರೂ ಡಿಫರೆನ್ಸ್ ಮ್ಯಾಪಿನಲ್ಲಿ ಎರಡು ಕಡೆ ಹಸಿರು, ಅಂದರೆ ಮಾದರಿಯಲ್ಲಿ ಇನ್ನೂ ಇಡದ ಡೆನ್ಸಿಟಿ, ಉಳಿದಿದೆ. ಜಲವಿರೋಧಿ ಸುರಂಗದಲ್ಲಿ ಸುಮಾರು 16 ಆಂಗ್‌ಸ್ಟ್ರಾಮ್ ಉದ್ದದ ಎಳೆ, ಅದರ ಒಂದು ತುದಿ ಆರ್ಜಿನಿನ್ ಹತ್ತಿರ. ಇನ್ನೊಂದು, ಎರಡು ಹಿಸ್ಟಿಡಿನ್ ಮತ್ತು ಒಂದು ಆಸ್ಪಾರ್ಟೇಟ್ ನಡುವೆ 9 ಸಿಗ್ಮಾದ (ಮ್ಯಾಪಿನ ಗದ್ದಲಕ್ಕಿಂತ ಬಹಳ ಎತ್ತರದ) ಗುಂಡು. ಪೆಗ್ ಮತ್ತು ನೀರು ಎಂದು ಇಟ್ಟು ಮುಗಿಸಬಹುದೇ?

ಉತ್ತರ 1:
ಗುಂಡು ನೀರಲ್ಲ. ನೀರಿಟ್ಟು ರಿಫೈನ್ ಮಾಡಿ (ಮಾದರಿಯನ್ನು ಡೇಟಾಕ್ಕೆ ಹೊಂದಿಸಿ) ನೋಡಿ: ಬಿ-ಫ್ಯಾಕ್ಟರ್ (ಪರಮಾಣು ಎಷ್ಟು ಅಲುಗಾಡುತ್ತದೆಂಬ ಅಳತೆ) ಅಕ್ಕಪಕ್ಕದ ಪರಮಾಣುಗಳಿಗಿಂತ ತೀರಾ ಕೆಳಗಿಳಿದು, ಹಸಿರು ಇನ್ನೂ ಉಳಿದರೆ ಅಲ್ಲಿರುವುದು ಭಾರವಾದದ್ದು. ಋಣ ಆವೇಶದ ಆಸ್ಪಾರ್ಟೇಟ್ ಪಕ್ಕದಲ್ಲಿರುವುದರಿಂದ, ಅದೇ ಆವೇಶದ ಸಲ್ಫೇಟ್, ಕ್ಲೋರೈಡ್ ಕೂಡ ಒಗ್ಗುವುದಿಲ್ಲ. ಗುಂಡಿನಿಂದ ಸುತ್ತಲಿನ ಪರಮಾಣುಗಳಿಗೆ ದೂರ ಅಳೆಯಿರಿ. ಸುಮಾರು 2.1 ಆಂಗ್‌ಸ್ಟ್ರಾಮ್ ಇದ್ದರೆ ಸತು ಅಥವಾ ಕಾಲಂನಿಂದ ಸೋರಿದ ನಿಕಲ್. ಸೋಡಿಯಂ, ಕ್ಯಾಲ್ಸಿಯಂ ಆದರೆ 2.4ರ ಆಸುಪಾಸು, ಅವಕ್ಕೆ ಹಿಸ್ಟಿಡಿನ್‌ಗಿಂತ ಆಮ್ಲಜನಕವೇ ಇಷ್ಟ.

ಸತುವೋ ನಿಕಲ್ಲೋ ಎಂಬುದನ್ನು ದೂರ ಹೇಳುವುದಿಲ್ಲ. ಲೋಹಕ್ಕೆ ನಾಲ್ಕು ಕೈಗಳಿದ್ದರೆ (ಅಂದರೆ ಅದಕ್ಕೆ ಅಂಟಿದ ಪರಮಾಣುಗಳು) ಸತು, ಆರಿದ್ದರೆ ನಿಕಲ್ ಎಂಬ ಅಂದಾಜು ಸಾಕಾಗದು. ಸಿಂಕ್ರೊಟ್ರಾನಿನಲ್ಲಿ (ಶಕ್ತಿ ಬದಲಿಸಬಲ್ಲ ಎಕ್ಸ್-ರೇ ಮೂಲ) ಒಂದೇ ಹರಳಿನಿಂದ 9.7 ಮತ್ತು 9.6 ಕಿಲೋ ಎಲೆಕ್ಟ್ರಾನ್‌ವೋಲ್ಟ್‌ನಲ್ಲಿ ಡೇಟಾ ತೆಗೆದು ಅನಾಮಲಸ್ ಮ್ಯಾಪ್ (ಆ ಎಕ್ಸ್-ರೇಯನ್ನು ಬಲವಾಗಿ ಹೀರುವ ಪರಮಾಣುಗಳನ್ನು ತೋರಿಸುವುದು) ಹೋಲಿಸಿ. ಸತುವಿನ ಅಂಚು (ಹೀರುವಿಕೆ ಥಟ್ಟನೆ ಏರುವ ಶಕ್ತಿ) 9.66ರಲ್ಲಿದೆ, ಹಾಗಾಗಿ ಅದರ ಶಿಖರ 9.6ರಲ್ಲಿ ಕುಸಿಯುತ್ತದೆ. ನಿಕಲ್ ಅಂಚು 8.33, ಅದು ಎರಡರಲ್ಲೂ ನಿಲ್ಲುತ್ತದೆ.

ಉತ್ತರ 2:
ಸುರಂಗದ ಎಳೆ ನನಗೆ ಕೊಬ್ಬಿನಾಮ್ಲದಂತೆ ಕಾಣುತ್ತಿದೆ. ಮೊದಲು ಆಟೋಮ್ಯಾಟಿಕ್ ಆಗಿ ತುಂಬಿದ ನೀರುಗಳನ್ನೆಲ್ಲ ಸುರಂಗದಿಂದ ತೆಗೆದು ಪೋಲ್ಡರ್ ಮ್ಯಾಪ್ (ಆ ಜಾಗದಿಂದ ಸಾಲ್ವೆಂಟ್ ಮಾಸ್ಕನ್ನು ದೂರವಿಡುವ ಮ್ಯಾಪ್) ಹಾಕಿ; ಬಲ್ಕ್ ಸಾಲ್ವೆಂಟ್ ಮಾಸ್ಕ್ (ಖಾಲಿ ಜಾಗವನ್ನು ದ್ರವವೆಂದು ತುಂಬುವ ಲೆಕ್ಕ) ನುಗ್ಗಿದ್ದರೆ ಕ್ಷೀಣ ಡೆನ್ಸಿಟಿ ಮುಚ್ಚಿಹೋಗಿರುತ್ತದೆ. ಆಮೇಲೆ ಆರ್ಜಿನಿನ್ ಕಡೆಯ ತುದಿ ನೋಡಿ. ಅದು ಕವಲೊಡೆದು, ಎರಡೂ ಕವಲು ಆರ್ಜಿನಿನ್‌ನಿಂದ 2.8–3.0 ಆಂಗ್‌ಸ್ಟ್ರಾಮ್ ದೂರದಲ್ಲಿದ್ದರೆ ಕಾರ್ಬಾಕ್ಸಿಲೇಟ್ (ಕೊಬ್ಬಿನಾಮ್ಲದ ಆಮ್ಲೀಯ ತುದಿ). ಪೆಗ್ ಸರಪಳಿ ಹೀಗೆ ನೆಟ್ಟಗೆ ಚಾಚುವುದು ಕಡಿಮೆ, ಸುರುಳಿಯಾಗಿ ಲೈಸಿನ್ ಅಮೈನನ್ನು ಸುತ್ತಿಕೊಳ್ಳುವುದೇ ಹೆಚ್ಚು.

ನೇರ ಸರಪಳಿಯಲ್ಲಿ ಪ್ರತಿ ಬಂಧಕ್ಕೆ 1.27 ಆಂಗ್‌ಸ್ಟ್ರಾಮ್ ಮುನ್ನಡೆ, ಹಾಗಾಗಿ 16ಕ್ಕೆ ಸುಮಾರು 14 ಇಂಗಾಲ. ಅಷ್ಟಕ್ಕೇ 14 ಇಂಗಾಲದ ಮಿರಿಸ್ಟಿಕ್ ಆಮ್ಲ ಎಂದು ಬರೆಯಬೇಡಿ. ಬಾಲದ ತುದಿ ಸಾಮಾನ್ಯವಾಗಿ ಅಲುಗಾಡಿ ಮಾಯವಾಗುತ್ತದೆ. 16 ಅಥವಾ 18 ಇಂಗಾಲದ್ದೂ ಇರಬಹುದು.

ಉತ್ತರ 3:
ಎಳೆಯ ಗುರುತನ್ನು ಮಾಸ್ ಸ್ಪೆಕ್ಟ್ರೋಮೆಟ್ರಿಗೆ (ಅಣುಗಳ ರಾಶಿ ಅಳೆಯುವ ವಿಧಾನ) ಬಿಡಿ. ಪ್ರೋಟೀನ್ ದ್ರಾವಣಕ್ಕೆ ನಾಲ್ಕು ಪಟ್ಟು ತಣ್ಣನೆಯ ಮೆಥನಾಲ್ ಹಾಕಿ, ಸೆಂಟ್ರಿಫ್ಯೂಜ್ ಮಾಡಿ, ಮೇಲಿನ ದ್ರವವನ್ನು ನೆಗೆಟಿವ್ (ಋಣ ಅಯಾನುಗಳನ್ನು ಅಳೆಯುವ) ಮೋಡ್‌ನಲ್ಲಿ ಓಡಿಸಿ. ಕೊಬ್ಬಿನಾಮ್ಲಗಳಾದ ಪಾಮಿಟೋಲಿಯಿಕ್ m/z (ರಾಶಿ-ಆವೇಶ ಅನುಪಾತ) 253.22, ಪಾಮಿಟಿಕ್ 255.23, ವ್ಯಾಕ್ಸೆನಿಕ್ 281.25ರಲ್ಲಿ ಬರುತ್ತವೆ. ಗಾಜಿನ ವಯಲ್ಲನ್ನೇ ಬಳಸಿ: ಪ್ಲಾಸ್ಟಿಕ್ಕಿನಿಂದ ಪಾಮಿಟಿಕ್, ಸ್ಟಿಯರಿಕ್ ಸೋರುತ್ತವೆ. ಬರೀ ಬಫರ್ ಮತ್ತು ಅದೇ ರೀತಿ ಶುದ್ಧೀಕರಿಸಿದ ಬೇರೊಂದು ಪ್ರೋಟೀನ್ ಕಂಟ್ರೋಲ್ ಆಗಿ ಇರಲೇಬೇಕು, ಇಲ್ಲದಿದ್ದರೆ 255ರ ಶಿಖರಕ್ಕೆ ಅರ್ಥವಿಲ್ಲ.

ರಿಯಲ್-ಸ್ಪೇಸ್ ಕೋರಿಲೇಶನ್ (ಇಟ್ಟ ಅಣು ಡೆನ್ಸಿಟಿಗೆ ಎಷ್ಟು ಹೊಂದುತ್ತದೆಂಬ ಅಳತೆ) 0.9 ಬಂತೆಂದು ನಂಬಬೇಡಿ. ಕಿರಿದಾದ ಸುರಂಗದಲ್ಲಿ ಯಾವ ಸರಪಳಿ ಇಟ್ಟರೂ ಅಷ್ಟು ಬರುತ್ತದೆ. ಪುರಾವೆ ಸಿಗದಿದ್ದರೆ ಪಿಡಿಬಿಗೆ (ಪ್ರೋಟೀನ್ ರಚನೆಗಳ ಸಾರ್ವಜನಿಕ ಸಂಗ್ರಹ) ಯುಎನ್ಎಲ್ (ಗುರುತಾಗದ ಲೈಗಂಡ್) ಎಂದೇ ಕೊಡಿ, ಕಂಡಷ್ಟೇ ಪರಮಾಣು ಇಟ್ಟು.