ಸಹಾಯ ಬೇಕು: ಫಾಕ್ನರ್ ಜೊತೆಗೆ ಯಾವ ಇತಿಹಾಸ ಪುಸ್ತಕ ಓದಲಿ?

ನಮಸ್ಕಾರ. 'ಟು ಕಿಲ್ ಎ ಮಾಕಿಂಗ್‌ಬರ್ಡ್' ಬರೆದ ಹಾರ್ಪರ್ ಲೀ ಓದಿದ ಖುಷಿಯಲ್ಲಿ, ಅಮೆರಿಕದ ದಕ್ಷಿಣದ ಸಾಹಿತ್ಯ ಅಂದರೆ ಇಷ್ಟು ಸಲೀಸು ಅಂದುಕೊಂಡು, ಅಲ್ಲಿಯದೇ ಲೇಖಕ ವಿಲಿಯಂ ಫಾಕ್ನರ್ 1929ರಲ್ಲಿ ತಂದ ಕಾದಂಬರಿ 'ದ ಸೌಂಡ್ ಅಂಡ್ ದ ಫ್ಯೂರಿ' ಹಿಡಿದೆ. ಮೊದಲ ಭಾಗದಲ್ಲೇ ಸಿಕ್ಕಿಹಾಕಿಕೊಂಡಿದ್ದೇನೆ. ಕ್ವೆಂಟಿನ್ ಅನ್ನೋರು ಇಬ್ಬರು, ಒಬ್ಬ ಸೋದರಮಾವ, ಇನ್ನೊಬ್ಬಳು ಅವನ ತಂಗಿಯ ಮಗಳು ಅಂತ ಗೊತ್ತಾಗೋಕೇ ನಾಲ್ಕು ದಿನ ಬೇಕಾಯ್ತು! ಆದರೆ ಗಾಲ್ಫ್ ಆಡುವವರು ತಮ್ಮ ಚೀಲ ಹೊರುವವನನ್ನು 'ಕ್ಯಾಡಿ' ಅಂತ ಕೂಗಿದಾಗ, ಆ ಭಾಗದ ಕಥೆ ಹೇಳುವ ಬೆಂಜಿ ಅದು ತನ್ನ ಅಕ್ಕ ಕ್ಯಾಡಿಯ ಹೆಸರು ಅಂದುಕೊಂಡು ಅಳುತ್ತಾನಲ್ಲ, ಅದನ್ನು ಓದಿದ ಮೇಲೆ ಸುಮ್ನೆ ಬಿಟ್ಟುಬಿಡೋಕೂ ಆಗ್ತಿಲ್ಲ.

1865ರಲ್ಲಿ ಗುಲಾಮಗಿರಿ ಹೋದ ಮೇಲೂ ಹತ್ತಿ ಹೊಲದಲ್ಲಿ ಪಾಲಿಗೆ ದುಡಿದು ಸಾಲದಲ್ಲೇ ಉಳಿದ ಕಪ್ಪು ಜನರ ಕಥೆ ಗೊತ್ತಿಲ್ಲದೆ, ಬೆಂಜಿಯ ಮನೆಯಲ್ಲಿ ಅಡುಗೆ ಮಾಡುವ ಕಪ್ಪು ಹೆಂಗಸು ಡಿಲ್ಸಿ ಅರ್ಥ ಆಗಲ್ಲ ಅನ್ನಿಸ್ತಿದೆ. ಆ ಕಾಲದ ಬಗ್ಗೆ ಸರಳವಾದ ಪುಸ್ತಕ ಹೇಳ್ತೀರಾ? ಕನ್ನಡದಲ್ಲಿದ್ದರೆ ಇನ್ನೂ ಒಳ್ಳೇದು. ಪಿಡಿಎಫ್ ಮಾತ್ರ ಬೇಡ, ಕಣ್ಣು ನೋಯುತ್ತೆ.