ಹತ್ತು, ಹತ್ತು, ಹತ್ತು, ಆಮೇಲೆ ಇದ್ದಕ್ಕಿದ್ದಂತೆ ಏಳು. ಮ್ಯಾಚ್ ಪಿಸ್ತೂಲಿಗೆ ಏನಾಗಿದೆ?

ನೀಲಿಹಿಡಿ:
ಎಲ್ಲರಿಗೂ ನಮಸ್ಕಾರ. ಮೂರು ವಾರದಿಂದ ತಲೆ ಕೆಟ್ಟುಹೋಗಿದೆ. ನನ್ನದು ಲಿಮಿಟೆಡ್ ಎಡಿಷನ್ ಏರ್ ಪಿಸ್ತೂಲು, ನಂಬರ್ ಕೆತ್ತಿದ ಪೀಸು. ಎರಡು ವರ್ಷ ದುಡ್ಡು ಕೂಡಿಟ್ಟು ತಗೊಂಡಿದ್ದು. ನಾಲ್ಕೈದು ಗುಂಡು ಗುರಿಹಲಗೆಯ ನಡುವಿನ ಹತ್ತರ ಉಂಗುರದಲ್ಲೇ ಕೂರುತ್ತವೆ. ಆಮೇಲೆ ಒಂದು ಏಳಕ್ಕೆ ಹೋಗುತ್ತದೆ. ಹೆಚ್ಚಾಗಿ ಬಲಗಡೆಗೆ, ಆದರೆ ಒಂದೇ ಜಾಗ ಅಂತಲ್ಲ. ಕೈ ತಪ್ಪಿದರೆ ನನಗೆ ಗೊತ್ತಾಗುತ್ತದೆ, ಇದು ಕೈ ಅಲ್ಲ. ಮುಂದಿನ ತಿಂಗಳು ಮ್ಯಾಚ್ ಇದೆ. 60 ಗುಂಡಿನಲ್ಲಿ ಇಂಥವು ಏಳೆಂಟು ಬಿದ್ದರೆ ಮುಗೀತು. ದಯವಿಟ್ಟು ಯಾರಾದರೂ ಹೇಳಿ.

ಕಾಫಿನಾಡು10:
ರೆಗ್ಯುಲೇಟರ್. ಬೇರೆ ಏನೂ ಅಲ್ಲ. ಸಿಲಿಂಡರಿನ 200 ಬಾರ್ ಒತ್ತಡವನ್ನು ಇಳಿಸಿ ಒಂದೇ ಸಮ ಕೊಡುವುದು ಅದೇ. ಒಳಗಿನ ಸೀಲ್ ಸವೆದರೆ ಗಾಳಿ ಸಣ್ಣಗೆ ನುಸುಳುತ್ತದೆ. ಸುಮ್ನೆ ಇಟ್ಟಾಗ ಒತ್ತಡ ಏರುತ್ತದೆ. ನನ್ನ ಹಳೆಯ ಪಿಸ್ತೂಲಿನಲ್ಲೂ ಹೀಗೇ ಆಗಿತ್ತು. ಸೀಲ್ ಹಾಕಿಸಿ.

ರೇಂಜ್_ಅಕ್ಕ:
ಸೀಲ್ ಬಿಚ್ಚುವ ಮೊದಲು ಸ್ವಲ್ಪ ವಿವರ ಕೊಡಿ. ಯಾವ ಪೆಲೆಟ್ (ಸೀಸದ ಗುಂಡು)? ಎಷ್ಟು ತೂಕ? ಮಾಪಕದಲ್ಲಿ ಗಾಳಿ ಎಷ್ಟಿದ್ದಾಗ ಹೀಗಾಗುತ್ತದೆ? ಟ್ರಿಗರ್ ಮೆಕ್ಯಾನಿಕಲ್ಲಾ, ಎಲೆಕ್ಟ್ರಾನಿಕ್ಕಾ? ಎಲ್ಲಕ್ಕಿಂತ ಮುಖ್ಯ, ಮೂರು ವಾರದ ಹಿಂದೆ ಏನು ಬದಲಾಯಿಸಿದಿರಿ?

ನೀಲಿಹಿಡಿ:
ಏನೂ ಬದಲಾಯಿಸಿಲ್ಲ ಅಕ್ಕ. ಮೆಕ್ಯಾನಿಕಲ್. ಪೆಲೆಟ್ಟಿನ ತಲೆಯ ಅಗಲ 4.50 ಮಿಮೀ, ತೂಕ 0.53 ಗ್ರಾಂ, ಒಂದೇ ಲಾಟ್. ಗಾಳಿ ತುಂಬಿದ್ದಾಗಲೂ ಹಾಗೇ, 100 ಬಾರಿಗೆ ಇಳಿದಾಗಲೂ ಹಾಗೇ.

ತಂತ್ರಿ_ಮಂಗಳೂರು:
ಪೆಲೆಟ್ ತೊಳೀತೀರಾ? ನಮ್ಮ ಕರಾವಳಿಯ ಹವೆಗೆ ಸೀಸದ ಮೇಲೆ ಬಿಳಿ ಪುಡಿ ಕೂರುತ್ತದೆ. ತೊಳೆದು, ಒಣಗಿಸಿ, ಒಂದು ಹನಿ ಎಣ್ಣೆ ಸವರಿ ನೋಡಿ.

ಕಾಫಿನಾಡು10:
ಮ್ಯಾಚ್ ಪೆಲೆಟ್ ತೊಳೆಯಬಾರದು ಸರ್. ಹಿಂಬದಿಯ ತೆಳು ಅಂಚು, ಅಂದರೆ ಸ್ಕರ್ಟ್, ಬಗ್ಗಿದರೆ ಗುಂಡುಗಳು ಚದುರುತ್ತವೆ.

ತಂತ್ರಿ_ಮಂಗಳೂರು:
ಹದಿನೈದು ವರ್ಷದಿಂದ ತೊಳೀತಾ ಇದ್ದೀನಿ. ಒಂದೂ ಬಗ್ಗಿಲ್ಲ. ಜಾಲರಿಯಲ್ಲಿಟ್ಟು ಅಲ್ಲಾಡಿಸಬೇಕು, ಡಬ್ಬಿಯಲ್ಲಿ ಹಾಕಿ ಕುಲುಕಬಾರದು.

ಕಾಫಿನಾಡು10:
ಅದು ಬೇರೆ ಥ್ರೆಡ್ಡಿನ ಮಾತು. ಇಲ್ಲಿ ರೆಗ್ಯುಲೇಟರ್ ಕಡೆ ನೋಡಿ. ಗುಂಡಿನ ವೇಗ ಅಳೆಯುವ ಕ್ರೋನೊಗ್ರಾಫ್ ಇಟ್ಟರೆ ಗೊತ್ತಾಗುತ್ತದೆ.

ನೀಲಿಹಿಡಿ:
ಗೆಳೆಯನ ಕ್ರೋನೊಗ್ರಾಫ್ ತಂದು 20 ಗುಂಡು ಹೊಡೆದೆ. ಸೆಕೆಂಡಿಗೆ 148 ರಿಂದ 151 ಮೀಟರ್. ಅದರಲ್ಲೂ ಎರಡು ಏಳು ಬಿತ್ತು! ಅವೆರಡೂ 150.

ಕಾಫಿನಾಡು10:
3 ಮೀಟರ್ ವ್ಯತ್ಯಾಸ ಕಡಿಮೆ ಅಲ್ಲ. ಸೀಲ್ ಶುರುವಿನಲ್ಲಿ ಹೀಗೇ ಕೊಡುತ್ತದೆ.

ರೇಂಜ್_ಅಕ್ಕ:
ಲೆಕ್ಕ ಹಾಕೋಣ. 150 ಮೀಟರ್ ವೇಗಕ್ಕೆ ಪೆಲೆಟ್ 10 ಮೀಟರ್ ದಾಟುವಷ್ಟರಲ್ಲಿ ಸುಮಾರು 22 ಮಿಮೀ ಕೆಳಗಿಳಿಯುತ್ತದೆ. ವೇಗ 3 ಮೀಟರ್ ಹೆಚ್ಚುಕಡಿಮೆ ಆದರೆ ಆ ಇಳಿತ ಬದಲಾಗುವುದು 1 ಮಿಮೀಗೂ ಕಡಿಮೆ. ಹತ್ತರ ಉಂಗುರದ ಅಗಲವೇ 11.5 ಮಿಮೀ. ಪೆಲೆಟ್ ಏಳಕ್ಕೆ ಬೀಳಬೇಕಾದರೆ ನಡುವಿನಿಂದ 24 ಮಿಮೀ ಆಚೆ ಹೋಗಬೇಕು. ಅದೂ ಅಲ್ಲದೆ, ವೇಗ ಏರುಪೇರಾದರೆ ಗುಂಡು ಮೇಲೆ ಕೆಳಗೆ ಆಗುತ್ತದೆ, ಬಲಕ್ಕೆ ಯಾಕೆ ಹೋಗುತ್ತದೆ? ಆ ಎರಡು ಏಳೂ 150ರಲ್ಲೇ ಬಿದ್ದಿವೆ. ರೆಗ್ಯುಲೇಟರನ್ನು ಇಲ್ಲಿಗೆ ಬಿಡೋಣ.

ನೀಲಿಹಿಡಿ ಅವರೇ, ಪಿಸ್ತೂಲಿನ ಒಂದು ಫೋಟೊ ಹಾಕಿ.

ನೀಲಿಹಿಡಿ:
ಹಾಕಿದ್ದೀನಿ. ಗ್ರಿಪ್ ವಾಲ್ನಟ್, ನಾನೇ ಅರ ಹಾಕಿ ಉಜ್ಜಿ ಕೂರಿಸಿದ್ದು. ಹೆಬ್ಬೆರಳ ಬುಡಕ್ಕೆ ಮೂರು ಸಲ ಪುಟ್ಟಿ ತುಂಬಿ ಮತ್ತೆ ಕೆರೆದಿದ್ದೀನಿ.

ಹಳೇಮರ65:
ಎಷ್ಟು ಚೆಂದದ ಗ್ರಿಪ್! ನನ್ನದು ಫೈನ್‌ವೆರ್ಕ್‌ಬೌ ಮಾಡೆಲ್ 65. ಸ್ಪ್ರಿಂಗ್ ಪಿಸ್ತೂಲಾದರೂ ಕೈಗೆ ಒದೆತ ಇಲ್ಲ. ಹೊಡೆದಾಗ ಮೇಲಿನ ಭಾಗ ಪೂರ್ತಿ ಹಳಿಯ ಮೇಲೆ ಹಿಂದಕ್ಕೆ ಸರಿಯುತ್ತದೆ. ಟ್ರಿಗರಿನ ಭಾರವನ್ನು 500 ಗ್ರಾಂನಿಂದ 1360ಕ್ಕೆ ಬದಲಿಸಬಹುದು. ಈಗಲೂ ದಿನಾ ಸಂಜೆ 40 ಗುಂಡು. ಪಕ್ಕದಲ್ಲಿ ಹೊಸ ಕಾಲದ ಮೊರಿನಿ 162 ಪಿಸ್ತೂಲಿದೆ, ಆದರೆ ಕೈ ಮೊದಲು ಹೋಗುವುದು 65ಕ್ಕೇ.

ರೇಂಜ್_ಅಕ್ಕ:
ಫೋಟೊ ನೋಡಿದೆ. ಬ್ಯಾರೆಲಿನ ತುದಿಯ ಕಾಂಪೆನ್ಸೇಟರ್ (ಗಾಳಿಯನ್ನು ಮೇಲಕ್ಕೆ ಬಿಟ್ಟು ಮೂತಿ ನೆಗೆಯದಂತೆ ತಡೆಯುವ ಭಾಗ) ನೀಲಿ ಇದೆಯಲ್ಲ. ಅದು ಕಪ್ಪು ಬಂದಿರುತ್ತದೆ, ಅಲ್ವಾ?

ನೀಲಿಹಿಡಿ:
ಹೌದು, ಅದು ಬರೀ ಬಣ್ಣ. ಫ್ರೇಮಿಗೆ ಹೊಂದಲಿ ಅಂತ ಹೋದ ತಿಂಗಳು ಒಂದು ಅಂಗಡಿಯಲ್ಲಿ ಪೌಡರ್ ಕೋಟಿಂಗ್ ಮಾಡಿಸಿದೆ. ಯಂತ್ರದ ಭಾಗ ಯಾವುದೂ ಮುಟ್ಟಿಲ್ಲ. ಆಮೇಲೆ ಗುರಿ ಹಿಡಿಯುವ ಸೈಟಿನ ಸ್ಕ್ರೂ 14 ಕ್ಲಿಕ್ ತಿರುಗಿಸಬೇಕಾಯಿತು, ಅಷ್ಟೇ.

ಹಳೇಮರ65:
ನಂಬರ್ ಇರುವ ಪೀಸಿಗೆ ಬಣ್ಣವಾ? ಕಾರ್ಖಾನೆಯ ಬಣ್ಣ ಹೋದ ಮೇಲೆ ಅದು ಲಿಮಿಟೆಡ್ ಎಡಿಷನ್ ಹೇಗೆ? ನನಗೆ ನಿಜಕ್ಕೂ ಬೇಜಾರಾಯಿತು.

ತಂತ್ರಿ_ಮಂಗಳೂರು:
ಪಿಸ್ತೂಲು ಇರುವುದು ಹೊಡೆಯಲಿಕ್ಕೆ. ಅವರ ವಸ್ತು, ಅವರ ಇಷ್ಟ.

ರೇಂಜ್_ಅಕ್ಕ:
ಬಣ್ಣದ ಜಗಳ ಆಮೇಲೆ. ಆ 14 ಕ್ಲಿಕ್ಕೇ ಉತ್ತರ. ಮುಂದಿನ ಸೈಟ್ ಕಾಂಪೆನ್ಸೇಟರ್ ಮೇಲೇ ಇದೆ. ಅದು ಓರೆಯಾಗಿ ಕೂತರೆ ಸೈಟೂ ಸರಿಯುತ್ತದೆ, ಪೆಲೆಟ್ ಹೊರಬರುವ ತೂತೂ ಸರಿಯುತ್ತದೆ. ಪೆಲೆಟ್ ಅಂಚಿಗೆ ಒಂಚೂರು ತಾಗಿದರೂ ಸಾಕು, ದಾರಿ ತಪ್ಪುತ್ತದೆ. ಎಲ್ಲ ಪೆಲೆಟ್ಟೂ ತಾಗುವುದಿಲ್ಲ, ಅದಕ್ಕೇ ನಾಲ್ಕೈದು ಸರಿ ಬಿದ್ದು ಒಂದು ಓಡುತ್ತದೆ.

ಪೆಲೆಟ್ ಇಲ್ಲ ಅಂತ ಖಾತ್ರಿ ಮಾಡಿಕೊಂಡು, ಸಿಲಿಂಡರ್ ತೆಗೆದಿಟ್ಟು, ಕಾಂಪೆನ್ಸೇಟರ್ ಬಿಚ್ಚಿ. ತೂತಿನ ಒಳ ಅಂಚಿಗೆ ಕಿವಿಗೆ ಹಾಕುವ ಹತ್ತಿಕಡ್ಡಿ ಆಡಿಸಿ. ಟಾರ್ಚ್ ಹಿಡಿದು ನೋಡಿ.

ಕಾಫಿನಾಡು10:
ನೋಡಲಿ. ಆದರೂ ಸೀಲ್ ಒಂದು ಸಲ ಹಾಕಿಸುವುದು ಒಳ್ಳೆಯದು.

ನೀಲಿಹಿಡಿ:
ಅಕ್ಕ! ಹತ್ತಿಕಡ್ಡಿಯ ಒಂದು ಪಕ್ಕ ಬೂದಿಬಣ್ಣ ಬಂತು. ಟಾರ್ಚ್ ಬಿಟ್ಟರೆ ತೂತಿನ ಎಡ ಅಂಚಿನಲ್ಲಿ ಉಗುರಿನಷ್ಟು ಉದ್ದ ಸೀಸ ಹೊಳೆಯುವ ಗೆರೆ. ಬಲ ಅಂಚಿನಲ್ಲಿ ನೀಲಿ ಬಣ್ಣ ಹಾಗೇ ಇದೆ. ಕಾಂಪೆನ್ಸೇಟರ್ ಬ್ಯಾರೆಲಿಗೆ ಕೂರುವ ಒಳಭಾಗಕ್ಕೂ ಬಣ್ಣ ಹಾಕಿದ್ದಾರೆ, ಒಂದು ಕಡೆ ದಪ್ಪ, ಒಂದು ಕಡೆ ತೆಳು. ಸ್ಕ್ರೂ ಬಿಗಿದಾಗ ಒಂದು ಕಡೆ ವಾಲಿಕೊಳ್ಳುತ್ತಿತ್ತು. ಅಲ್ಲಿಗೆ ಟೇಪ್ ಸುತ್ತಿ ಕೊಡಬೇಕಿತ್ತು, ನಾನು ಕೊಟ್ಟಿರಲಿಲ್ಲ. ಈಗ ಹೇಗೆ ತೆಗೆಯಲಿ?

ರೇಂಜ್_ಅಕ್ಕ:
ಅರ ಮುಟ್ಟಬೇಡಿ. ಲೋಹ ಸವೆದರೆ ಮತ್ತೆ ಬರುವುದಿಲ್ಲ. ಪೇಂಟ್ ರಿಮೂವರ್ ಅನ್ನು ಒಳಭಾಗಕ್ಕೆ ಮಾತ್ರ ಬ್ರಷ್‌ನಲ್ಲಿ ಹಚ್ಚಿ, ಬಣ್ಣ ಉಬ್ಬಿದ ಮೇಲೆ ಬಿದಿರುಕಡ್ಡಿಯಲ್ಲಿ ಎಬ್ಬಿಸಿ. ಕೈಗೆ ಗ್ಲೌಸ್ ಇರಲಿ. ಕೂರಿಸುವಾಗ ಸ್ಕ್ರೂ ಬಿಗಿಯುವ ಮೊದಲು ಬೆರಳಲ್ಲಿ ಅಲ್ಲಾಡಿಸಿ ನೋಡಿ, ನೇರ ಕೂತಿರಬೇಕು.

ನೀಲಿಹಿಡಿ:
ಭಾನುವಾರ ಬೆಳಿಗ್ಗೆ ರೇಂಜ್‌ಗೆ ಹೋಗಿದ್ದೆ. ಮೊದಲ ಗುಂಡು ಬಲಕ್ಕೆ ಎಂಟು. ಆ 14 ಕ್ಲಿಕ್ ವಾಪಸ್ ತಿರುಗಿಸಿದೆ. ಆಮೇಲೆ 60 ಗುಂಡು, ಒಂದೂ ಏಳಿಲ್ಲ. ಎರಡು ಎಂಟು ಬಿತ್ತು, ಅವೆರಡೂ ನನ್ನ ಕೈಯದೇ, ಬಿಡುವಾಗಲೇ ಗೊತ್ತಾಗಿತ್ತು. ಹತ್ತಿಕಡ್ಡಿ ಬೆಳ್ಳಗೆ ಬಂತು. ತುಂಬಾ ಥ್ಯಾಂಕ್ಸ್ ಅಕ್ಕ. ಹೊರಗಿನ ನೀಲಿ ಹಾಗೇ ಇಟ್ಟುಕೊಂಡಿದ್ದೀನಿ.

ಹಳೇಮರ65:
ಗುಂಡು ಸರಿಯಾಗಿದ್ದು ಖುಷಿ. ನೀಲಿ ಬಗ್ಗೆ ನನ್ನ ಅಭಿಪ್ರಾಯ ಬದಲಾಗಿಲ್ಲ. ಒಂದು ಕಪ್ಪು ಕಾಂಪೆನ್ಸೇಟರ್ ತರಿಸಿ ಪೆಟ್ಟಿಗೆಯಲ್ಲಿ ಇಟ್ಟಿರಿ.

ತಂತ್ರಿ_ಮಂಗಳೂರು:
ಹಳೇಮರ ಸರ್, ನಿಮ್ಮ 65ಕ್ಕೆ ಬ್ರೀಚ್ ಸೀಲ್ (ಬ್ಯಾರೆಲಿನ ಹಿಂತುದಿಯಲ್ಲಿ ಗಾಳಿ ಸೋರದಂತೆ ತಡೆಯುವ ಬಳೆ) ಎಲ್ಲಿ ಸಿಗುತ್ತದೆ? ನನ್ನ ಮಾವನ ಹತ್ತಿರ ಒಂದಿದೆ, ಹತ್ತು ವರ್ಷದಿಂದ ಪೆಟ್ಟಿಗೆಯಲ್ಲೇ ಮಲಗಿದೆ.